ಉನ್ನತ ಹಂತದ ಕೋಣೆ

ಆ ಪ್ರೌಢಶಾಲೆಯ ಗೇಟಿನ ಮೇಲಿರುವ ಫಲಕವನ್ನು ನೀವೂ ಓದಿದ್ದೀರಲ್ಲವೇ? ‘ಇಲ್ಲಿ ಸ್ಪ್ಯಾನಿಷ್ ಭಾಷೆಯನ್ನು ಉನ್ನತ ಹಂತದವರೆಗೂ ಕಲಿಸಲಾಗುತ್ತದೆ’ ಎಂಬ ನೀಲಿ ಅಕ್ಷರಗಳನ್ನು ಓದಿ, ಮೆಚ್ಚಿ ತಲೆದೂಗಿ ಮುಂದೆ ನಡೆದ ನಿಮ್ಮಲ್ಲಿ ಒಬ್ಬರಾದರೂ, ಕಲಿಸುವವರು ಯಾರು, ಕಲಿಯುವವರು ಯಾರು ಎಂದು ವಿಚಾರಿಸಿದರೇ?

ಉನ್ನತ ಹಂತದಲ್ಲಿ ಕಲಿಯುವವಳು ಒಬ್ಬಳೇ ಇದ್ದಳು. ವರ್ಷದ ಮೊದಲ ವಾರದಲ್ಲೇ ಅವಳನ್ನು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಕರೆಸಲಾಯಿತು. ಪಕ್ಕದಲ್ಲಿ ನಿಂತಿದ್ದ ಸ್ಪ್ಯಾನಿಷ್ ಮೇಷ್ಟ್ರು ತಮ್ಮ ಬೂಟಿನ ತುದಿಯನ್ನೇ ನೋಡುತ್ತಿದ್ದರು.

“ಒಬ್ಳಿಗೋಸ್ಕರ ಒಂದು ರೂಮು, ಒಬ್ರು ಮೇಷ್ಟ್ರು! ಇದೇನು ಅರಮನೆಯೇನಮ್ಮ?” ಎಂದರು ಮುಖ್ಯೋಪಾಧ್ಯಾಯಿನಿ. “ನಾಳೆಯಿಂದ ಮೊದಲ ಹಂತದ ಮಕ್ಕಳ ಜೊತೆ ಕೂತ್ಕೋ. ಸುಮ್ನೆ ಕೂರೋದಲ್ಲ, ನೀನೇ ಅವರಿಗೆ ಹೇಳ್ಕೊಡು. ಮೇಷ್ಟ್ರಿಗೆ ಆಫೀಸಲ್ಲಿ ಕೆಲಸ ಇದೆ. ಎಂಥ ಗೌರವ ಕೊಡ್ತಿದೀನಿ ಗೊತ್ತಾ ನಿಂಗೆ?”

“ಮೇಡಂ, ಉನ್ನತ ಹಂತದ ಪರೀಕ್ಷೇಲಿ ಎದುರು ಕೂತು ವಾದ ಮಾಡ್ಬೇಕು. ನನ್ನ ಜೊತೆ ಯಾರೂ ಮಾತಾಡ್ದೇ ಇದ್ರೆ...”

“ಮೇಷ್ಟ್ರು ವಾರಕ್ಕೊಂದ್ಸಲ ಮಾತಾಡ್ತಾರೆ. ಅಲ್ವಾ ಮೇಷ್ಟ್ರೇ?”

“ಹೌದು ಮೇಡಂ. ಹಾಗಾದ್ರೆ... ಗೇಟಿನ ಬೋರ್ಡು?”

“ಅದರ ಪಾಡಿಗೆ ಅದಿರಲಿ ಬಿಡಿ. ಅದೇನು ಸಂಬಳ ಕೇಳುತ್ತಾ?”

ಹುಡುಗಿ ದರ್ಜಿಯೊಬ್ಬಳ ಮಗಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಇಬ್ಬರೂ ಕಂಗಾಲಾಗಿ ನಿಂತಾಗ, ಅವರ ನಡುವೆ ಕುಳಿತು ಮಾತು ದಾಟಿಸುವವಳಾಗಬೇಕು ಎಂಬುದು ಅವಳ ಆಸೆ. ದುಭಾಷಿಗಳ ಕಾಲೇಜು ಉನ್ನತ ಹಂತದಲ್ಲಿ ತೇರ್ಗಡೆಯಾದವರನ್ನಷ್ಟೇ ಸೇರಿಸಿಕೊಳ್ಳುತ್ತಿತ್ತು. ಅವಳು ಪಾಠ ಕಲಿಯುತ್ತಿದ್ದ ಮಹಡಿಯ ಕೊನೆಯ ಕೋಣೆಗೆ ವಾಲಿಬಾಲ್ ಬಲೆಗಳೂ ಮುರಿದ ಬೆಂಚುಗಳೂ ಬಂದು ಬಿದ್ದವು. ಬಾಗಿಲಿಗೆ ಬೀಗ ಬಿತ್ತು.

ಅವಳು ಕೆಳಗಿನ ಕೋಣೆಯಲ್ಲಿ ಪಾಠ ಹೇಳತೊಡಗಿದಳು. ಮನಸ್ಸಿಟ್ಟು ಹೇಳಿದಳು, ಅವಳಿಗೆ ಬೇರೆ ರೀತಿ ಗೊತ್ತಿರಲಿಲ್ಲ. ಒಂದು ಚಿಕ್ಕ ವಾಕ್ಯವನ್ನು ಬಿಡಿಸಿ ಬಿಡಿಸಿ ನುಡಿದು, ಬೆರಳಿನಿಂದ ಮೇಜನ್ನು ಎರಡು ಬಾರಿ ತಟ್ಟಿ ಕಾಯುವಳು. ಮಕ್ಕಳು ಒಕ್ಕೊರಲಿನಿಂದ ಅದನ್ನೇ ಹೇಳುವರು. ಆಮೇಲೆ ಮುಂದಿನ ವಾಕ್ಯ. ಮಕ್ಕಳು ಅವಳನ್ನು ‘ಪುಟ್ಟ ಮೇಡಂ’ ಎಂದು ಕರೆಯತೊಡಗಿದರು.

ವಾರಕ್ಕೊಮ್ಮೆ ಅವಳು ಆಫೀಸಿನ ಬಾಗಿಲಲ್ಲಿ ನಿಲ್ಲುವಳು. “ಸರ್, ಇವತ್ತು ಮಾತಾಡೋಣ್ವಾ?”

“ಇವತ್ತು ಬೇಡಮ್ಮ, ನೋಡು, ತಲೆ ಎತ್ತೋಕೂ ಪುರುಸೊತ್ತಿಲ್ಲ. ನಾಳೆ ಖಂಡಿತ.”

ಮೇಷ್ಟ್ರು ಕೆಟ್ಟವರಲ್ಲ. ತಪ್ಪು ನಡೆಯುತ್ತಿದೆಯೆಂದು ತಿಳಿದೂ ಬಾಯಿ ಬಿಡದವರನ್ನು ನಾವು ಹೀಗೆ ಕರೆದು ಕರೆದೇ ಇಷ್ಟು ದೂರ ಬಂದಿದ್ದೇವೆ.

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಮಗಳನ್ನು ದಿಟ್ಟಿಸಿದಳು. “ಯಾಕೇ, ಹೇಳಿದ್ದನ್ನೇ ಎರಡೆರಡು ಸಲ ಹೇಳ್ತೀಯ? ನಾನೇನು ಕಿವುಡೀನಾ? ಮೇಜು ಬೇರೆ ಟಕ್ ಟಕ್ ಅಂತ ಕುಟ್ತೀಯ.”

“ಅಭ್ಯಾಸ ಆಗ್ಬಿಟ್ಟಿದೆ ಅಮ್ಮ.”

“ಮಾತಾಡೋಕೆ ಯಾರೂ ಇಲ್ಲ ಅಂತ ಕೊರಗಬೇಡ. ಈ ಮಿಷನ್ ಜೊತೆ ಮಾತಾಡು. ನಿಮ್ಮಪ್ಪನ ಹಾಗೆ ನಡುವೆ ಬಾಯಿ ಹಾಕಲ್ಲ.” ಇಬ್ಬರೂ ನಕ್ಕರು. ಆದರೆ ನಡುವೆ ಬಾಯಿ ಹಾಕುವ ಒಬ್ಬರೇ ಆ ಹುಡುಗಿಗೆ ಬೇಕಾಗಿದ್ದುದು.

ಪರೀಕ್ಷೆಯ ದಿನ ಹೊರಗಿನಿಂದ ಒಬ್ಬ ಪರೀಕ್ಷಕಿ ಬಂದರು. ಹಳೆಯ ಮಾರುಕಟ್ಟೆಯನ್ನು ಕೆಡವಬೇಕೇ ಬೇಡವೇ ಎಂಬುದು ವಿಷಯ. ‘ಕೆಡವಲೇಬೇಕು’ ಎಂದು ಪರೀಕ್ಷಕಿ ವಾದ ಹೂಡಿದರು. ಹುಡುಗಿಯ ತಲೆಯಲ್ಲಿ ಉತ್ತರಗಳು ಸಾಲುಗಟ್ಟಿ ನಿಂತಿದ್ದವು. ಅವಳು ಸ್ಪ್ಯಾನಿಷ್‌ನಲ್ಲಿ ಬಾಯಿ ತೆರೆದಳು: “ಇದು ಮಾರುಕಟ್ಟೆ.” ನಿಧಾನವಾಗಿ, ಬಿಡಿಸಿ ಬಿಡಿಸಿ. “ಮಾರುಕಟ್ಟೆ ಹಳೆಯದು.” ಬೆರಳು ತಾನಾಗಿ ಮೇಜನ್ನು ಎರಡು ಬಾರಿ ತಟ್ಟಿತು. ಅವಳು ಕಾದಳು.

ಪರೀಕ್ಷಕಿಯೂ ಕಾದರು. ಆಮೇಲೆ ಅದೇ ಭಾಷೆಯಲ್ಲಿ, ಮೃದುವಾಗಿಯೇ ಕೇಳಿದರು: “ನಾನು ಅದನ್ನು ತಿರುಗಿ ಹೇಳಬೇಕೇನಮ್ಮ?”

ಹುಡುಗಿ ತನ್ನ ಬೆರಳನ್ನು ನೋಡಿಕೊಂಡಳು. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದು ಮಡಿಲಲ್ಲಿ ಅದುಮಿಕೊಂಡಳು. ಪರೀಕ್ಷಕಿ ಮತ್ತೆ ವಾದ ಹೂಡಿದರು, ನಡುವೆ ತಡೆದರು, ಕೆಣಕಿದರು. ಒಂದಿಡೀ ವರ್ಷ ಅವಳನ್ನು ಯಾರೂ ತಡೆದಿರಲಿಲ್ಲ, ಕೆಣಕಿರಲಿಲ್ಲ. ಉಳಿದ ಹೊತ್ತು ಅವಳು ಆಡಿದ್ದೆಲ್ಲ ಚಿಕ್ಕ ಮಕ್ಕಳ ವಾಕ್ಯಗಳೇ.

ಅವಳು ಅನುತ್ತೀರ್ಣಳಾದಳು. ಮೊದಲ ಹಂತದ ಮಕ್ಕಳೆಲ್ಲರೂ ತೇರ್ಗಡೆಯಾದರು. ಸಭಾಂಗಣದಲ್ಲಿ ಮುಖ್ಯೋಪಾಧ್ಯಾಯಿನಿ ಮೇಷ್ಟ್ರನ್ನು ವೇದಿಕೆಗೆ ಕರೆದು ಹೊಗಳಿದಾಗ, ಮಕ್ಕಳು ಚಪ್ಪಾಳೆ ತಟ್ಟದೆ ಹಿಂದಿನ ಸಾಲಿನಲ್ಲಿದ್ದ ಪುಟ್ಟ ಮೇಡಂ ಕಡೆ ತಿರುಗಿದರು. ಮೇಷ್ಟ್ರು ಅದನ್ನು ಕಂಡರು. ಕಂಡೂ ಹೂಗುಚ್ಛವನ್ನು ತೆಗೆದುಕೊಂಡರು.

ಹೊರಗೆ ಮುಖ್ಯೋಪಾಧ್ಯಾಯಿನಿ ಅವಳ ಬೆನ್ನು ಸವರಿದರು. “ಬೇಜಾರ್ ಮಾಡ್ಕೋಬೇಡ. ಬರೋ ವರ್ಷ ಮತ್ತೆ ಕಟ್ಟು. ಹೇಗೂ ಬರ್ತೀಯಲ್ಲ, ಹೊಸ ಮಕ್ಕಳಿಗೂ ಹೇಳ್ಕೊಡು.”

“ಮೇಡಂ, ಮೇಲಿನ ರೂಮಿನ ಬೀಗದ ಕೈ ಕೊಡ್ತೀರಾ?”

“ಯಾಕಮ್ಮ?”

“ನನ್ನ ನಿಘಂಟು ಅಲ್ಲೇ ಉಳ್ಕೊಂಡಿದೆ.”

ಬೀಗದ ಕೈ ಸಿಗಲಿಲ್ಲ, ಯಾರ ಬಳಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹುಡುಗಿ ಕಿಟಕಿಯ ಗಾಜಿಗೆ ಹಣೆ ಒತ್ತಿ ಒಳಗೆ ನೋಡಿದಳು. ಬಲೆಗಳ ರಾಶಿಯ ಹಿಂದೆ, ಕಪ್ಪುಹಲಗೆಯ ಮೇಲೆ, ಕಳೆದ ವರ್ಷ ಮೇಷ್ಟ್ರು ಅರ್ಧಕ್ಕೆ ಬಿಟ್ಟ ಸ್ಪ್ಯಾನಿಷ್ ಸಾಲು ಹಾಗೆಯೇ ಇತ್ತು.

ಗೇಟಿನ ಫಲಕಕ್ಕೆ ಈ ಬಾರಿ ಹೊಸ ಬಣ್ಣ ಬಳಿದಿದ್ದಾರೆ. ನಿಮ್ಮ ಮಗುವಿನ ಕೈ ಹಿಡಿದು ನೀವು ಆ ಗೇಟನ್ನು ದಾಟುವ ದಿನ, ದಯವಿಟ್ಟು ನೇರವಾಗಿ ಆಫೀಸಿಗೆ ಹೋಗಬೇಡಿ. ಮೊದಲು ಮಹಡಿ ಹತ್ತಿ. ಕೊನೆಯ ಕೋಣೆಯ ಬೀಗ ತೆಗೆಯಲು ಹೇಳಿ; ತೆಗೆಯುವವರೆಗೂ ಅಲ್ಲಿಂದ ಕದಲಬೇಡಿ.