ಮೂಕಾಂಬು ಆರಿಸಿದ ಬ್ಯಾಟರಿ

ನಾನು ಒಂದು ಲಿಥಿಯಂ ಬ್ಯಾಟರಿ. ದೋಣಿಯ ಮೋಟಾರು ತಿರುಗಿಸುವುದು ನನ್ನ ಕೆಲಸವಾಗಿತ್ತು. ಹುಟ್ಟಿದ್ದು ಮಾತ್ರ ಹೊಳೆ, ಕಡಲುಗಳಿಂದ ಬಹಳ ದೂರ, ಬೆಂಗಳೂರಿನ ಪೀಣ್ಯದ ಒಂದು ತಗಡಿನ ಶೆಡ್ಡಿನಲ್ಲಿ. ಕನ್ನಡಕದ ಹುಡುಗಿಯೊಬ್ಬಳು ನಾಲ್ಕು ಕೋಶಗಳನ್ನು ಒತ್ತೊತ್ತಾಗಿ ಕೂರಿಸಿ, ಲೋಹದ ಪಟ್ಟಿಗಳಿಂದ ಜೋಡಿಸಿ, ಮೇಲೊಂದು ಹಸಿರು ಸರ್ಕ್ಯೂಟ್ ಬೋರ್ಡ್ ಇಟ್ಟಳು. ನಾನು ಮಿತಿ ಮೀರಿ ತುಂಬದಂತೆ, ಮಿತಿ ಮೀರಿ ಬರಿದಾಗದಂತೆ ಕಾಯುವುದು ಆ ಬೋರ್ಡಿನ ಕೆಲಸ. ಮುಚ್ಚಳಕ್ಕೆ ರಬ್ಬರಿನ ಅಂಚು ಕೊಟ್ಟು ಬಿಗಿದಳು. ನೀರು ಒಳಗೆ ಬರಬಾರದಲ್ಲ.

ಅಲ್ಲಿಂದ ಲಾರಿಯಲ್ಲಿ ಘಟ್ಟ ಇಳಿದು ಕುಂದಾಪುರದ ಪ್ರಭಾಕರ ಶೇರೆಗಾರರ ಅಂಗಡಿಗೆ ಬಂದೆ. ಕಪಾಟಿನಲ್ಲಿ ಧೂಳು ಕುಡಿಯುತ್ತಾ ಕೂತಿದ್ದಾಗ ಒಂದು ದಿನ ಗಂಡ ಹೆಂಡತಿ ಒಳಗೆ ಬಂದರು. ಹೆಂಡತಿ ಮೂಕಾಂಬು, ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ಗಂಡ ಶೀನ ಮೊಗವೀರ, ಹೊಳೆಯಲ್ಲಿ ಬಲೆ ಬಿಡುವವನು. ಲಕ್ವಾ ಹೊಡೆದು ಅವನ ಎಡಗೈ ಸೋತುಹೋಗಿತ್ತು. ಹುಟ್ಟು ಹಾಕಲು ಆಗುವುದಿಲ್ಲ, ಹಳೆಯ ಪೆಟ್ರೋಲ್ ಎಂಜಿನ್ನಿನ ಹಗ್ಗ ಎಳೆಯಲೂ ಆಗುವುದಿಲ್ಲ. ಇನ್ನು ಮುಂದೆ ದೋಣಿ ತಾನೇ ನಡೆಸುವುದೆಂದು ಮೂಕಾಂಬು ತೀರ್ಮಾನಿಸಿದ್ದಳು. ಶೀನನಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಬಂದವನು ಸ್ಟೂಲಿನ ಮೇಲೆ ಮುಖ ಆ ಕಡೆ ಮಾಡಿ ಕೂತ.

"ಆಸಿಡ್ ಬ್ಯಾಟ್ರಿ ತಕಣಿ ಅಕ್ಕ, ಎಲ್ಲರೂ ಅದ್ನೇ ತಕಂತ್ರ್" ಎಂದರು ಶೇರೆಗಾರರು.

ಮೂಕಾಂಬು ಅದನ್ನು ಎತ್ತಲು ನೋಡಿದಳು. ಮೊಣಕಾಲಿನವರೆಗೆ ಬಂತು, ಮೇಲೆ ಬರಲಿಲ್ಲ. "ಹೊಳಿಗೆ ಹೊತ್ಕಂಡ್ ಹೋಪವಳ್ ನಾನ್. ಹಗುರದ್ ಎಂತ ಇತ್ತ್?"

ಆಗ ನನ್ನನ್ನೂ, ನನ್ನ ಜಾತಿಯ ಇನ್ನೊಂದು ದೊಡ್ಡ ಬ್ಯಾಟರಿಯನ್ನೂ ಮೇಜಿನ ಮೇಲಿಟ್ಟರು. ಶೀನ ಈ ಕಡೆ ತಿರುಗಿದ.

"ಇದ್ ಬೆಂಕಿ ಹಿಡಿತ್ತಂಬ್ರ್. ಹೊಳಿ ಮಧ್ಯ ಹೊತ್ತಿರೆ ಎಂತ ಮಾಡುದ್?"

ಶೇರೆಗಾರರು ನಗಲಿಲ್ಲ. ಲಿಥಿಯಂನಲ್ಲೂ ಬೇರೆ ಬೇರೆ ಬಗೆ ಇದೆ, ದೋಣಿಗೆ ಕೊಡುವುದು ಕಬ್ಬಿಣದ ಫಾಸ್ಫೇಟಿನದು, ಅದು ಸುಲಭಕ್ಕೆ ಕೆರಳುವುದಿಲ್ಲ ಎಂದು ಸಮಾಧಾನವಾಗಿ ತಿಳಿಸಿದರು. ಇದಕ್ಕೆಂದೇ ಮಾಡಿದ ಚಾರ್ಜರ್ ಹಾಕಬೇಕು, ಮೋಟಾರಿನ ತಂತಿಗೆ ಫ್ಯೂಸ್ ಇರಲೇಬೇಕು ಎಂದರು.

"ಖಾಲಿ ಆಪ್ಕೆ ಮುಂಚೆ ಮೋಟಾರ್ ನಿಧಾನ ಆತ್ತಾ?" ಮೂಕಾಂಬು ಕೇಳಿದಳು.

"ಇಲ್ಲೆ ಅಕ್ಕ. ಆಸಿಡಿಂದ್ ಮೆಲ್ಲ ಮೆಲ್ಲ ಸೋಲ್ತ್. ಇದ್ ಕಡೀವರೆಗೂ ಒಂದೇ ಸಮ ಓಡ್ಸಿ ಫಕ್ಕನೆ ನಿಲ್ಸತ್ತ್. ಚಾರ್ಜ್ ಎಷ್ಟ್ ಉಳ್ದಿತ್ತ್ ಅಂದ್ ಈ ಪರದೆ ಮೇಲಿನ ನಂಬ್ರ್ ಕಾಣ್ತಾ ಇರ್ಕ್. ಫುಲ್ ಸ್ಪೀಡಿಗೆ ಬೇಗ ಇಳಿತ್ತ್, ನಿಧಾನ ಹೋರೆ ಸುಮಾರ್ ಹೊತ್ತ್ ಬತ್ತ್."

ಮೂಕಾಂಬು ಮೀನುಬುಟ್ಟಿಗೆ ಇಡುವ ಹಾಗೆ ಸೆರಗನ್ನು ಸುತ್ತಿ ಸಿಂಬಿ ಮಾಡಿದಳು. ನನ್ನನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ಸೀದಾ ರಸ್ತೆಗೆ ಹೋದಳು, ಬಸ್ಸಿಗೆ ದಾರಿ ಬಿಟ್ಟಳು, ತಿರುಗಿ ಬಂದಳು. ಕೈ ಬಿಟ್ಟು ನಡೆದಿದ್ದಳು. ಮೊದಲ ಬಾರಿಗೆ ಊರನ್ನು ಅಷ್ಟು ಎತ್ತರದಿಂದ ನೋಡಿದೆ. ದೊಡ್ಡದನ್ನೂ ಎತ್ತಿ ನೋಡಿದಳು. ತಲೆಗೆ ಏರಿಸಲು ಇನ್ನೊಬ್ಬರ ಕೈ ಬೇಕಾಯಿತು.

"ದೊಡ್ಡದೇ ತಕೋ, ಹೆಚ್ಚ್ ಹೊತ್ತ್ ಬತ್ತಲ್ದಾ?" ಎಂದ ಶೀನ. ಬೇಡವೆಂದು ಬಂದವನು ಸಲಹೆ ಕೊಡುವಷ್ಟಾದರೂ ಸೋತಿದ್ದ.

"ದಿನಾ ಎತ್ತಿ ಕೊಡ್ಕೆ ಯಾರ್ ಬತ್ರ್? ಇದೇ ಸಾಕ್."

ಹೀಗೆ ನಾನು ಕೋಡಿ ಎಂಬ ಊರಿನ ಹೊಳೆಬದಿಯ ಆ ಮನೆ ಸೇರಿದೆ. ಬೆಳಿಗ್ಗೆ ಮೂಕಾಂಬು ನನ್ನನ್ನು ತಲೆಯ ಮೇಲೆ, ಮೋಟಾರನ್ನು ಹೆಗಲ ಮೇಲೆ ಹೊತ್ತು ದೋಣಿಗೆ ಹೋಗುತ್ತಿದ್ದಳು. ಮೊದಮೊದಲು ದೋಣಿ ಅವಳ ಮಾತು ಕೇಳಲಿಲ್ಲ. ಬಲೆ ಮೋಟಾರಿಗೆ ಸುತ್ತಿಕೊಂಡಿತು, ಕೆಸರಿನಲ್ಲಿ ಸಿಕ್ಕಿಕೊಂಡಳು. ದಡದವರು ನಕ್ಕರು. ಅವಳೂ ಅವರ ಜೊತೆ ನಕ್ಕು, ಸೀರೆ ಎತ್ತಿ ಕಟ್ಟಿ, ದೋಣಿ ದೂಡಿಕೊಂಡು ಬಂದಳು. ಮಳೆಗಾಲ ಕಳೆಯುವ ಹೊತ್ತಿಗೆ ಕಾಣೆ ಮೀನು ತುಂಬಿಕೊಂಡು ಬರುವಷ್ಟಾಗಿದ್ದಳು. ಎಂಥ ಹೆಂಗಸು! ಶೀನ ಮಾತ್ರ ಜಗಲಿಯಲ್ಲಿ ಕೂತು ಹೊಳೆ ನೋಡುತ್ತಿದ್ದ. ದೋಣಿ ಹತ್ತು ಎಂದರೆ, "ಹೆಂಡ್ತಿ ದೋಣಿಯಲ್ಲ್ ಗೂಟದ್ ಹಾಂಗೆ ಕೂಕಂಬುದಾ?" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ ಚಾರ್ಜಾಗುತ್ತಿದ್ದೆ. ಮೂಕಾಂಬು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಶೀನ ಎದ್ದವನು ಮೂಲೆಯಲ್ಲಿದ್ದ, ದೋಣಿ ನೂಕುವ ಉದ್ದನೆಯ ಬಿದಿರು ಜಲ್ಲೆ ತೆಗೆದುಕೊಂಡು ಹೊಳೆಯ ಕಡೆ ನಡೆದ. ನಾನು ನೋಡಿದೆ. ಕೂಗಲು ನನಗೆ ಬಾಯಿಲ್ಲ.

ಸ್ವಲ್ಪ ಹೊತ್ತಿಗೆ ನೆರೆಮನೆಯ ಮುದುಕ ಬಚ್ಚ ಏದುಸಿರು ಬಿಡುತ್ತಾ ಬಂದ. "ಮೂಕಾಂಬೂ! ಶೀನ ದೋಣಿ ಬಿಟ್ಕಂಡ್ ಹೋಯ್ನ್. ಜಲ್ಲೆ ಕೈ ತಪ್ಪಿ ಹೋಯ್ತ್. ಇಳಿತದ್ ಹೊತ್ತ್ ಮಾರಾಯ್ತಿ, ಅಳಿವೆ ಬದಿಗ್ ಎಳ್ಕಂಡ್ ಹೋತಿತ್ತ್!"

ಅಳಿವೆಯೆಂದರೆ ಹೊಳೆ ಕಡಲಿಗೆ ಬೀಳುವ ಜಾಗ. ಅಲ್ಲಿ ಅಲೆ ಒಡೆಯುತ್ತದೆ. ಇಳಿತದಲ್ಲಿ ಸಿಕ್ಕ ಸಣ್ಣ ದೋಣಿ ಅಲ್ಲಿ ಉಳಿಯುವುದಿಲ್ಲ. ಎಂಜಿನ್ ದೋಣಿಗಳೆಲ್ಲ ಕಡಲಿಗೆ ಹೋಗಿದ್ದವು. ಮೂಕಾಂಬು ಚಾರ್ಜರಿನ ತಂತಿ ಕಿತ್ತಳು. ನನ್ನಲ್ಲಿ ಅರ್ಧವೂ ತುಂಬಿರಲಿಲ್ಲ. ನನ್ನನ್ನು ತಲೆಗೇರಿಸಿ, ಮೋಟಾರು ಹೆಗಲಿಗೆ ಹಾಕಿ ಓಡಿದಳು. ಅವಳ ಉಸಿರಿನ ಅದುರು ನನ್ನ ಕೋಶಗಳಿಗೂ ತಟ್ಟುತ್ತಿತ್ತು. ಬಚ್ಚನ ಪುಟ್ಟ ದೋಣಿಗೆ ಮೋಟಾರು ಬಿಗಿದು, ತಂತಿ ಸಿಕ್ಕಿಸಿ, ಪೂರ್ತಿ ವೇಗ ಕೊಟ್ಟಳು.

ಶೀನ ದೋಣಿಯ ಅಂಚು ಹಿಡಿದು ಕೂತಿದ್ದ. ಅವನ ಹಿಂದೆ ಬೆಳ್ಳಗೆ ಅಲೆ ಒಡೆಯುತ್ತಿತ್ತು. ಮೂಕಾಂಬು ಹಗ್ಗ ಎಸೆದಳು. ಬಲಗೈಯಿಂದ ಹಿಡಿದು, ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಿದ. ಅವಳು ಮನೆಯ ಕಡೆಗೆ ತಿರುಗಿಸಿದಳು. ನಾನು ಇದ್ದಬದ್ದ ಶಕ್ತಿಯನ್ನೆಲ್ಲ ಕೊಟ್ಟೆ. ಎರಡು ದೋಣಿ, ಎದುರು ನೀರು. ದಡದ ಗಾಳಿಮರಗಳು ಇದ್ದಲ್ಲೇ ಇದ್ದವು. ನಂಬರು ಮಾತ್ರ ಇಳಿಯುತ್ತಿತ್ತು.

"ಫಕ್ಕನೆ ನಿಲ್ತ್ ಇವ್ರೇ! ಈಗ್ಳ್ ನಿಲ್ತ್!" ಅವಳು ಕಿರುಚಿದಳು.

"ನೀರಿಗ್ ಎದ್ರ್ ಹೋಬೇಡ!" ಶೀನ ಕೂಗಿದ. "ಅಡ್ಡಕ್ ತಿರ್ಸ್! ಬಲಕ್ಕೆ ಮರಳ್ ದಿಬ್ಬ ಇತ್ತ್. ಸ್ಪೀಡ್ ಕಮ್ಮಿ ಮಾಡ್, ನೀರೇ ದೂಡತ್ತ್!"

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ, ಅವನ ಮಾತಿನಂತೆ ತಿರುಗಿಸಿದಳು. ವೇಗ ಇಳಿದದ್ದೇ ನನ್ನ ಭಾರ ಹಗುರವಾಯಿತು. ದೋಣಿಗಳು ಓರೆಯಾಗಿ ಜಾರುತ್ತಾ ಹೋಗಿ ದಿಬ್ಬಕ್ಕೆ ತಾಗಿದವು. ಅವಳು ಮೋಟಾರು ಆರಿಸಿದಾಗ ನನ್ನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ.

ನೀರು ತಿರುಗಿ ಏರುವವರೆಗೂ ಇಬ್ಬರೂ ಮರಳಿನ ಮೇಲೆ ಕೂತರು. ಅವಳು ಬೈದಳು, ಅತ್ತಳು, ಮತ್ತೆ ಬೈದಳು. ಅವನು ಎಲ್ಲವನ್ನೂ ಕೇಳಿಸಿಕೊಂಡ.

"ನಾಳಿಂದ ನಾನೂ ಬತ್ತೆ" ಎಂದ ಕೊನೆಗೆ.

"ಬಂದ್ ಎಂತ ಮಾಡ್ತ್ರಿ?"

"ನಾನ್ ನೀರ್ ಕಾಂತೆ. ನೀನ್ ನಂಬ್ರ್ ಕಾಣ್."

ಆಮೇಲೆ ಎಷ್ಟೋ ಮಳೆಗಾಲ ಆ ಇಬ್ಬರನ್ನು ಹೊಳೆಯಲ್ಲಿ ತಿರುಗಿಸಿದೆ. ನೀರಿನ ಬಣ್ಣ ನೋಡಿ ಮೀನಿನ ದಾರಿ ಹೇಳುವವನು ಅವನು, ದೋಣಿಯನ್ನು ಅಲ್ಲಿಗೆ ಕೂದಲೆಳೆ ತಪ್ಪದಂತೆ ಒಯ್ಯುವವಳು ಅವಳು. ಇಂಥ ಜೋಡಿಗೆ ದುಡಿದೆನೆಂಬ ಹೆಮ್ಮೆ ನನಗಿದೆ. ಕ್ರಮೇಣ ನನ್ನ ಕೋಶಗಳು ಸೊರಗಿದವು. ರಾತ್ರಿಯಿಡೀ ಚಾರ್ಜು ಮಾಡಿದರೂ ಅರ್ಧ ದಾರಿಗೇ ದಣಿಯುತ್ತಿದ್ದೆ. ಇಬ್ಬರೂ ಕೂಡಿ ಹೋಗಿ ಹೊಸ ಬ್ಯಾಟರಿ ತಂದರು.

ನನ್ನನ್ನು ಗುಜರಿಗೆ ಕೊಡಲಿಲ್ಲ. ಈಗ ಅಡುಗೆಮನೆಯ ಮೂಲೆಯಲ್ಲಿದ್ದೇನೆ, ಕರೆಂಟು ಹೋದಾಗ ಒಂದು ಬಲ್ಬು ಉರಿಸುತ್ತೇನೆ. ಹೊಳೆಯ ನೆನಪಾಗುತ್ತದೆ, ನಿಜ. ಆದರೆ ದೋಣಿಯಲ್ಲಿ ಅವರ ಬೆನ್ನೇ ಕಾಣುತ್ತಿತ್ತು, ಇಲ್ಲಿ ಮುಖ ಕಾಣುತ್ತದೆ. ನಿನ್ನೆ ಸಂಜೆ ಊಟಕ್ಕೆ ಕೂತವರಿಗೆ, ಮೀನಿನ ಹಿಂಡು ಮೊದಲು ಕಂಡದ್ದು ಯಾರಿಗೆ ಎಂದು ಜಗಳ ಹತ್ತಿತು. ಸಾರು ತಣ್ಣಗಾಯಿತು. ಕೈ ಒಣಗಿತು. ಇಬ್ಬರೂ ಸೋಲಲು ತಯಾರಿರಲಿಲ್ಲ. ನಾನು ಬೆಳಕು ಹಿಡಿದು ಕೂತಿದ್ದೆ.