ಸದ್ದಿಲ್ಲದ ಪೆಟ್ಟಿಗೆ

ಅತ್ತಿಗೆ ಓದಲು ಕೂತರೆ ಮನೆಯಲ್ಲಿ ಯಾರೂ ತುಟಿ ಪಿಟಕ್ಕೆನ್ನುವಂತಿರಲಿಲ್ಲ. ಶಾಲೆಯ ಪಾಠಗಳನ್ನು ಮೈಕಿನೆದುರು ಓದಿ ಕಳಿಸುವುದು ಅವಳ ಕೆಲಸ, ದಿನಕ್ಕೆ ಮೂರು ತಾಸು, ಆರು ವರ್ಷದಿಂದ. ಆ ಮೂರು ತಾಸು ನಲ್ಲಿ ತಿರುಗಿಸುವಂತಿಲ್ಲ, ಕುರ್ಚಿ ಎಳೆಯುವಂತಿಲ್ಲ. ಹೋದ ಚಳಿಗಾಲ ಮೈದುನ ಜ್ವರದಲ್ಲಿ ಕೆಮ್ಮಿದಾಗ ಎದ್ದು ಬಂದವಳೇ ಒಂದು ಕರವಸ್ತ್ರ ಉಂಡೆ ಮಾಡಿ ಅವನ ಕೈಗಿತ್ತು, "ಬಾಯಲ್ಲಿ ಇಟ್ಕೊಂಡು ಮಲ್ಕೋ" ಅಂದಿದ್ದಳು. ಇಟ್ಟುಕೊಂಡು ಮಲಗಿದ್ದ. ಮೂವತ್ತು ದಾಟಿದ ಗಂಡಸು, ಅಣ್ಣನ ಮನೆಯ ಅನ್ನ, ಇನ್ನೇನು ಮಾಡುತ್ತಾನೆ? ಮರೆಯಲಿಲ್ಲ, ಅಷ್ಟೇ.

ಅವಳ ಮಾತು ಕೇಳದಿದ್ದದ್ದು ಅಣ್ಣನ ಕಂಪ್ಯೂಟರ್ ಒಂದೇ. ಇನ್ನೂ ಕಟ್ಟದ ಮನೆಗಳ ಚಿತ್ರ ತಯಾರಿಸುವ ದೈತ್ಯ ಪೆಟ್ಟಿಗೆ ಅದು. ಹಗಲೂ ರಾತ್ರಿಯೂ ಓಡುತ್ತಲೇ ಇರಬೇಕು, ಆರಿಸಿದರೆ ಅವನ ಕೆಲಸ ಕೆಡುತ್ತದೆ. ಅಡುಗೆಮನೆ ಬಿಟ್ಟರೆ ಇರುವುದು ಒಂದೇ ಕೋಣೆ: ಪೆಟ್ಟಿಗೆ ಆ ಮೂಲೆಗೆ, ಮೈಕು ಈ ಮೂಲೆಗೆ. ಅದರ ಭರ್ರೋ ಸದ್ದನ್ನು ಇಷ್ಟು ದಿನ ಪಾಠದ ಕಚೇರಿಯವರೇ ತಮ್ಮ ಯಂತ್ರದಲ್ಲಿ ತೊಳೆದು ತೆಗೆಯುತ್ತಿದ್ದರು. ಆ ಕಚೇರಿ ಈಗ ಬಾಗಿಲು ಹಾಕಿತ್ತು. ಹೊಸ ಕಚೇರಿಯೊಂದು ಎರಡು ವರ್ಷದ ಕೆಲಸ ಕೊಡಲು ತಯಾರಿತ್ತು, ಆದರೆ ತೊಳೆದ ಧ್ವನಿ ಅವರಿಗೆ ಬೇಡ. ಹಿನ್ನೆಲೆಯಲ್ಲಿ ಸೂಜಿ ಬಿದ್ದ ಸದ್ದೂ ಇಲ್ಲದ ಒಂದು ಪಾಠ ಶುಕ್ರವಾರದೊಳಗೆ ಬೇಕು.

"ಎಲ್ಲ ನಿನ್ನ ಕೈಯಲ್ಲಿದೆಯಪ್ಪಾ," ಅಂದಳು ಅತ್ತಿಗೆ. ಕಂಪ್ಯೂಟರ್ ರಿಪೇರಿಯೇ ಮೈದುನನ ಕಸುಬು. "ಇದು ಕೈ ತಪ್ಪಿದ್ರೆ ನನಗೆ ಇನ್ನೊಂದು ಸಿಗಲ್ಲ. ನನಗೆ ಬರೋದು ಓದೋದೊಂದೇ."

ಕೆಲಸದಲ್ಲಿ ಮೋಸ ಮಾಡುವ ಜನ್ಮ ಅವನದಲ್ಲ. ಪೆಟ್ಟಿಗೆ ಬಿಚ್ಚಿ ವರ್ಷಗಳ ಧೂಳು ಊದಿ ತೆಗೆದ. ಕೀಚಲು ದನಿಯ ಚಿಕ್ಕ ಫ್ಯಾನುಗಳನ್ನು ಕಿತ್ತು, ಅಂಗೈಗಿಂತ ಅಗಲದ, ನಿಧಾನ ತಿರುಗುವವನ್ನು ಕೂರಿಸಿದ. ಸ್ಕ್ರೂಗಳಡಿ ರಬ್ಬರ್ ಇಟ್ಟ. ಕಟಕಟ ಅನ್ನುವ ಹಳೆಯ ಹಾರ್ಡ್ ಡಿಸ್ಕ್ ಬದಲಿಸಿದ. ಬೆಂಕಿಯಂತೆ ಕಾಯುವ ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ಕರೆಂಟನ್ನು ಚೂರು ತಗ್ಗಿಸಿದ. ಮರದ ಮೇಜಿನಿಂದ ಇಳಿಸಿ ಸ್ಪಂಜಿನ ಮೇಲೆ ನಿಲ್ಲಿಸಿದ. ಬುಧವಾರ ಮಧ್ಯಾಹ್ನ ಗುಂಡಿ ಒತ್ತಿದರೆ ದೀಪ ಹತ್ತಿತು, ಸದ್ದು ಬರಲಿಲ್ಲ. ಅಣ್ಣ ಬಗ್ಗಿ ಕಿವಿಯಿಟ್ಟು, "ಸತ್ತೋಯ್ತೇನೋ?" ಅಂದ.

ಅತ್ತಿಗೆ ಮೈಕಿನ ಮುಂದೆ ಕೂತಳು, ಮೈದುನ ಹೆಡ್‌ಫೋನ್ ಹಾಕಿಕೊಂಡ. ನದಿಗಳ ಬಗ್ಗೆ ಒಂದು ಪುಟ ಓದಿದಳು. ಉಚ್ಚಾರದಲ್ಲಿ ಕುಂದೆಣಿಸುವಂತಿರಲಿಲ್ಲ. ಆದರೆ ಪ್ರತಿ ವಾಕ್ಯದ ಕೊನೆಗೆ ಅವಳ ಎದೆಯೊಳಗಿಂದ ಸಣ್ಣದೊಂದು ಸಿಳ್ಳೆ ಬರುತ್ತಿತ್ತು, ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ. ಇಷ್ಟು ವರ್ಷ ಫ್ಯಾನುಗಳ ಸದ್ದು ಅದನ್ನು ಮುಚ್ಚಿಟ್ಟಿತ್ತು. ತೊಳೆಯುವವರು ಎರಡನ್ನೂ ಒಟ್ಟಿಗೆ ತೊಳೆದುಬಿಟ್ಟಿದ್ದರು. ತನ್ನ ಉಸಿರಿಗೆ ಒಗ್ಗಿಹೋಗಿದ್ದ ಅವಳಿಗೆ ಅದು ಕೇಳಿಸುತ್ತಲೇ ಇರಲಿಲ್ಲ.

"ಏನಾದ್ರೂ ಕೇಳಿಸುತ್ತಾ?" ಅಂದಳು.

ಆ ಉಸಿರುಗಳನ್ನು ಕತ್ತರಿಸಿ ತೆಗೆಯಲು ಅವನಿಗೆ ಒಂದು ತಾಸು ಸಾಕಿತ್ತು. ಡಾಕ್ಟರಿಗೆ ತೋರಿಸಿ ಅನ್ನಲು ಅಷ್ಟೂ ಬೇಡ. ಆದರೆ ಅವನಿಗೆ ಕರವಸ್ತ್ರದ ರುಚಿ ನೆನಪಾಯಿತು.

"ಕಂಪ್ಯೂಟರ್ ಸದ್ದು ಒಂಚೂರೂ ಇಲ್ಲ ಅತ್ತಿಗೆ. ಕಳಿಸಿಬಿಡಿ."

ಅವಳ ಕಣ್ಣು ತುಂಬಿತು. "ಎಷ್ಟೋ ಸಲ ನಿನ್ನ ಮೇಲೆ ರೇಗಿದ್ದೀನಿ. ಮನಸ್ಸಲ್ಲಿ ಇಟ್ಕೋಬೇಡ."

"ಛೆ, ಇಲ್ಲ," ಅಂದ, ಇಟ್ಟುಕೊಂಡೇ.

ಸೋಮವಾರ ಬೆಳಗ್ಗೆ ಫೋನ್ ಬಂತು. ಸಿಹಿ ಸುದ್ದಿ ಎಲ್ಲರೂ ಕೇಳಲಿ ಅಂತ ಅವಳು ಸ್ಪೀಕರ್ ಹಾಕಿದಳು.

"ಓದು ಚೆನ್ನಾಗಿದೆ ಮೇಡಂ. ಆದ್ರೆ ನಿಮ್ಮ ಎದೆ ಸಿಳ್ಳೆ ಹೊಡೀತಿದೆ. ಮಕ್ಕಳು ಪಾಠ ಬಿಟ್ಟು ಅದನ್ನೇ ಕೇಳ್ತಾರೆ." ಆ ಕಡೆ ಇನ್ಯಾರೋ ಕಿಸಕ್ಕನೆ ನಕ್ಕರು. "ಬೇರೆಯವರನ್ನ ತಗೊಂಡಾಯ್ತು."

"ಇನ್ನೊಂದ್ಸಲ ಓದಿ..." ಅನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು.

ಅವಳು ಹೆಡ್‌ಫೋನ್ ಹಾಕಿಕೊಂಡು ತಾನು ಓದಿದ್ದನ್ನು ಮೊದಲಿಂದ ಕೊನೆಯವರೆಗೆ ಕೇಳಿದಳು. ಮೈದುನನ ಕಡೆ ತಿರುಗಿ, "ಅವತ್ತೇ ನಿನಗೆ ಕೇಳಿಸಿತ್ತಾ?" ಅಂದಳು.

ಐದು ದಿನದಿಂದ ಅವನು ಸುಳ್ಳುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ. ಈಗ ಒಂದೂ ಬೇಕೆನಿಸಲಿಲ್ಲ.

"ಕೇಳಿಸಿತ್ತು."

ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು ಅವನಿಗೆ, ಇದ್ದದ್ದನ್ನು ಹೇಳಲೇಬೇಕು. ಕೂಗಾಡುತ್ತಾಳೆ, ಮನೆ ಬಿಟ್ಟು ಹೋಗು ಅನ್ನುತ್ತಾಳೆ ಅಂತ ಕಾದ. ಅವಳು ಕೂಗಲಿಲ್ಲ. ಅಲ್ಲೇ ಕೂತು ಏದುಸಿರು ಬಿಡತೊಡಗಿದಳು. ಅಷ್ಟು ಸದ್ದಡಗಿದ ಕೋಣೆಯಲ್ಲಿ ಈಗ ಆ ಸಿಳ್ಳೆ ಬರಿಗಿವಿಗೇ ಕೇಳಿಸುತ್ತಿತ್ತು.

ಕಂಪ್ಯೂಟರಿನ ಪರದೆಯಲ್ಲಿ ಯಾರದೋ ಮನೆಯ ಕಿಟಕಿಗೆ ಬಿಸಿಲು ತುಂಬುತ್ತಿದ್ದ ಅಣ್ಣ ಎರಡು ಸಲ ತಿರುಗಿ ನೋಡಿದ.

"ಏನೇ, ಸ್ವಲ್ಪ ಅಡುಗೆಮನೇಲಿ ಹೋಗಿ ಕೂತ್ಕೋ. ನಿನ್ನ ಉಸಿರಿನ ಸದ್ದಿಗೆ ನನಗೆ ಕೆಲಸವೇ ಸಾಗ್ತಿಲ್ಲ."

ಇಷ್ಟನ್ನು ಮೈದುನ ಬಯಸಿರಲಿಲ್ಲ. ಅಣ್ಣಾ, ಸುಮ್ಮನಿರು ಅನ್ನಬಹುದಿತ್ತು. ಅನ್ನಲಿಲ್ಲ. ಅತ್ತಿಗೆ ಎದ್ದಳು, ಉಸಿರು ಬಿಗಿಹಿಡಿದುಕೊಂಡೇ ಕೋಣೆ ದಾಟಿ, ಅಡುಗೆಮನೆಯ ಬಾಗಿಲು ಎಳೆದುಕೊಂಡಳು.

"ಹಾಂ, ಈಗ ಸರಿಯಾಯ್ತು," ಅಂದ ಅಣ್ಣ.