ಒಪ್ಪಿಗೆ ಕೇಳಿದವನು

ಸಂಜೀವನನ್ನು ಬಾಗಲಕೋಟೆಯಿಂದ ಕತಾರಿಗೆ ಕರೆಸಿದವನು ನಾನು. ಕಟ್ಟಡಕ್ಕೆ ಕಬ್ಬಿಣದ ಅಟ್ಟಣಿಗೆ ಕಟ್ಟುವ ಸ್ಕ್ಯಾಫೋಲ್ಡಿಂಗ್ ಕೆಲಸ ಕಲಿಸಿದವನೂ ನಾನೇ. ಹಾಗಾಗಿ ಆ ಮಂಗಳವಾರ ಅಲ್ ಖೋರ್‌ನ ನಮ್ಮ ಕೋಣೆಯಲ್ಲಿ ಅವನು ಮೊಬೈಲ್ ಹಿಡಿದು ನನ್ನ ಮಂಚದ ಮುಂದೆ ಬಂದು ನಿಂತ.

"ನೀಲಕಂಠಪ್ಪ ಕಾಕಾ, ಗ್ಯಾಸ್ ಪ್ಲಾಂಟಿನಾಗ ಸೂಪರ್‌ವೈಸರ್ ಕೆಲಸ ಸಿಕ್ಕೈತ್ರಿ. ಶುಕ್ರವಾರ ಸಂಜಿ ಒಳಗ ಒಪ್ಕೋಬೇಕು. ನೀವು ಹೂಂ ಅಂದ್ರ ಇದರಾಗ ಒಪ್ಪಿಗಿ ಒತ್ತತೀನಿ."

"ಕಂಪನಿ ಕಾಗದ?"

"ಅದು ಈಗ ಬೇಕಾಗಿಲ್ರಿ. ಕಾನೂನು ಬದಲಾಗೈತಲ್ಲ. ನೋಟಿಸ್ ಕೊಟ್ರ ಖಲಾಸ್."

ನನಗೆ ಗೊತ್ತಿಲ್ಲದ್ದೇನಲ್ಲ. 2016ರಲ್ಲಿ ಅಂಥದೇ ಕೆಲಸ ನನಗೂ ಸಿಕ್ಕಿತ್ತು. ಆಗ ಇದ್ದ ಕಂಪನಿ 'ನಮ್ಮ ಆಕ್ಷೇಪಣೆ ಇಲ್ಲ' ಎಂದು ಬರೆದುಕೊಡದೆ ಬೇರೆ ಕಡೆ ಸೇರುವಂತಿರಲಿಲ್ಲ. ಎರಡು ತಿಂಗಳು ಮ್ಯಾನೇಜರನ ಬಾಗಿಲಲ್ಲಿ ನಿಂತೆ. ಅವನು ಇಲ್ಲ ಎನ್ನಲಿಲ್ಲ, 'ನೋಡೋಣ' ಎನ್ನುತ್ತಲೇ ಇದ್ದ. ಕೆಲಸ ಬೇರೆಯವರ ಪಾಲಾಯಿತು.

"ನೋಡೂಣು," ಎಂದೆ ಸಂಜೀವನಿಗೆ.

ಮರುದಿನ ಪೂಜೆಗೆ ಕುಳಿತಾಗ ಅಜ್ಜ ಕಲಿಸಿದ ವಚನಗಳನ್ನು ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು. ಮುಚ್ಚಿದ ಕಣ್ಣಿಗೆ ಕಂಡದ್ದು ಸೂಪರ್‌ವೈಸರ್‌ನ ಬಿಳಿ ಹೆಲ್ಮೆಟ್ಟು, ಅದರ ಕೆಳಗೆ ಸಂಜೀವನ ಮುಖ. ಅವನು ಎರಡು ದಿನವೂ ನನಗೆ ಚಹಾ ಮಾಡಿಕೊಟ್ಟ. ಒಮ್ಮೆಯೂ ನೆನಪಿಸಲಿಲ್ಲ. ಅದಕ್ಕೂ ಸಿಟ್ಟು ಬಂತು.

ಶುಕ್ರವಾರ ಮಧ್ಯಾಹ್ನ ದೋಹಾಕ್ಕೆ ಹೋದ ನಾವಿಬ್ಬರೂ ಬಿಸಿಲು ತಾಳದೆ ಮುಶೈರಿಬ್‌ನ ಗುಲಾಮಗಿರಿಯ ಮ್ಯೂಸಿಯಂ ಹೊಕ್ಕೆವು. ಸಂಜೀವ ಗೋಡೆಯ ಮೇಲಿನದನ್ನು ಓದಿ ಹೇಳುತ್ತ ಬಂದ.

"1952ರಾಗ ಇಲ್ಲಿ ಗುಲಾಮಗಿರಿ ರದ್ದಾತಂತ. ಮಾಲಕರಿಗೆ ಪರಿಹಾರನೂ ಕೊಟ್ಟಾರಂತ ಕಾಕಾ."

"ಅದಕ್ಕೂ ಮೊದಲ ಮಾಲಕನ ಕಾಲು ಹಿಡದು ಬಿಡಿಸ್ಕೊಂಡಾವಗ?"

"ಅವಗೇನು ಕೊಡ್ತಾರ್ರಿ. ಬಿಟ್ಟಿದ್ರಲ್ಲ."

"ಕಾಲು ಹಿಡದ್ರೂ ಮಾಲಕ ಬಿಡದಾವಗ?"

ನನ್ನ 2016ರ ಕತೆ ಅವನಿಗೆ ಗೊತ್ತಿತ್ತು. ಅವನು ತಿರುಗಿ ನೋಡಿದ. ನಗಲು ಪ್ರಯತ್ನಿಸಿದ. "ಹೊಟ್ಟಿಕಿಚ್ಚೇನ್ರಿ ಕಾಕಾ?"

"ಹೌದು."

ಅವನ ನಗು ಹೋಯಿತು. ಮೊಬೈಲನ್ನು ಕಿಸೆಗೆ ಹಾಕಿ, "ಹಂಗಾದ್ರ ಬ್ಯಾಡ ಬಿಡ್ರಿ. ನಿಮ್ಮ ಮನಸ್ಸು ನೋಯಿಸಿ ನಾ ಹೋಗೂದಿಲ್ಲ," ಎಂದ.

ಸುಳ್ಳು ಹೇಳಲಾರೆ, ನನ್ನ ಎದೆ ತಂಪಾಯಿತು. ಮೂರು ದಿನದಲ್ಲಿ ಮೊದಲ ಸಲ ಉಸಿರು ಹಗುರಾಯಿತು. ಹಾಗಾದದ್ದು ಕಂಡೇ ನನಗೆ ಹೆದರಿಕೆಯಾಯಿತು. ಆ ಮ್ಯಾನೇಜರನಿಗೂ ದಿನಾ ಹೀಗೇ ಹಿತವಾಗುತ್ತಿತ್ತೇನೋ.

"ತಗಿ ಮೊಬೈಲ್. ಒತ್ತು," ಎಂದೆ. "ಇನ್ನ ಮ್ಯಾಲ ಇಂಥದ್ದಕ್ಕ ನನ್ನ ಕೇಳಬ್ಯಾಡ. ಯಾರನ್ನೂ ಕೇಳಬ್ಯಾಡ."

ಅವನು ಒತ್ತಿದ. ಆಮೇಲೆ ಅಲ್ಲೇ ಬಗ್ಗಿ ನನ್ನ ಕಾಲು ಮುಟ್ಟಿದ. ಕಾವಲಿಗಿದ್ದ ಮಲಯಾಳಿ, ಎದೆಯ ಬಿಲ್ಲೆಯಲ್ಲಿ ಫಾಯಿಝ್ ಎಂದಿತ್ತು, ಹತ್ತಿರ ಬಂದು ಏನು ಸಮಾಚಾರ ಎಂದು ಹಿಂದಿಯಲ್ಲಿ ಕೇಳಿದ.

"ಹೊಸ ಕೆಲಸ, ಸೂಪರ್‌ವೈಸರ್," ಎಂದೆ. ಯಾರಿಗೆ ಎಂದು ಹೇಳಲಿಲ್ಲ.

ಹಿರಿಯನಿಗೇ ಎಂದುಕೊಂಡು ಅವನು ನನ್ನ ಕೈ ಹಿಡಿದು ಕುಲುಕಿದ. "ಮುಬಾರಕ್, ಭಾಯಿ, ಮುಬಾರಕ್."

ಸಂಜೀವ ಪಕ್ಕದಲ್ಲೇ ಇದ್ದ. ಇವನಿಗೆ ಎಂದು ತೋರಿಸಬೇಕಿತ್ತು. ತೋರಿಸಿದೆ ಕೂಡ, ಸ್ವಲ್ಪ ಹೊತ್ತಾದ ಮೇಲೆ.